ನಲವತ್ತೆಂಟು ಹಲ್ಲು

"ಒದೀತದ್ರಿ ಮೇಸ್ತ್ರಿ,
ಬ್ರೇಕ್ ಜೋರಾಗಿ ತುಳಿದ್ರ ಕಾಲಿಗೇ ತಿರುಗಿ ಒದೀತದ,"
ಅಂದ್ರು ಹಲ್ಲಿನ ಡಾಕ್ಟರ್ ಇಂದುಮತಿ ಹಾಗರಗಿ,
ಕಲಬುರಗಿ ರಿಂಗ್ ರೋಡಿನ ನನ್ನ ತಗಡಿನ ಶೆಡ್ಡಿಗಿ
ಹಳದಿ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿ.
ಎರಡೇ ಸೀಟು. ನೆಲಕ್ಕ ಹೊಟ್ಟಿ ಹಚ್ಚಿ ಕುಂತ ಗಾಡಿ.
ಮುಂದಿನ ಬಂಪರ್ ಸೀಳಿತ್ತು,
ಸೀಳಿನಾಗ ಯಾರದೋ ಬೇಲಿ ತಂತಿ ಇನ್ನೂ ಸಿಕ್ಕೊಂಡಿತ್ತು.
ಎಮ್ಮಿ ಅಡ್ಡ ಬಂತಂತ.
ಎಮ್ಮಿ ಉಳೀತಂತ.

ಚಾವಿ ಅವರ ಕೈಯಾಗೇ ಇರಲಿ ಅಂದೆ.
ಪಕ್ಕದ ಸೀಟಿಗಿ ಗೋಣಿ ಚೀಲ ಹಾಸಿ ಕುಂತೆ,
ನನ್ನ ಪ್ಯಾಂಟಿನ ತುಂಬ ಆಯಿಲ್.

ಸೇಡಂ ರಸ್ತಿ, ಮುಂಜಾನಿ ಆರು.
ತೊಗರಿ ಕೊಯ್ದ ಹೊಲ ಎರಡೂ ಕಡಿ,
ಫರ್ಸಿ ಲಾರಿ ಉದುರಿಸಿದ ಪುಡಿ ಅಂಚಿನುದ್ದಕ್ಕ.
ನೂರು, ಅಂದೆ. ಮುಳ್ಳು ನೂರಕ್ಕ ಬಂತು.
ಈಗ ತುಳೀರಿ. ಒಮ್ಮೆಲೇ. ಇದ್ದಷ್ಟೂ ಜೋರು ಹಾಕಿ.

ಬೆಲ್ಟು ಎದಿ ಕಚ್ಚಿತು.
ತಗಡಿನ ಮ್ಯಾಲ ಆಣಿಕಲ್ಲು ಬಿದ್ದಂಗ
ಅವರ ಪಾದದ ಕೆಳಗ ಟರ್ರ ಟರ್ರ ಟರ್ರ,
ಅವರು ಕಾಲು ಎತ್ತಿಬಿಟ್ರು.
ಹಗ್ಗ ಹರಕೊಂಡ ಹೋರಿ ಹಂಗ ಗಾಡಿ ಮುಂದಕ್ಕ ಹೋಯಿತು.

"ನೋಡಿದ್ರಾ?"
ನೋಡಿದೆ, ಅಂದೆ. ಬೇಲಿ ಹೆಂಗ ಮುರೀತು ಅನ್ನೂದೂ ನೋಡಿದೆ.

ನನ್ನ ಉಸ್ತಾದ ಲಾಲಸಾಬ ಅಂತಿದ್ದ:
ಬಿಗಿದು ನಿಂತ ಗಾಲಿ ಗಾಲಿ ಅಲ್ಲ, ರಬ್ಬರಿನ ಕಲ್ಲು.
ಕಲ್ಲಿಗಿ ಸ್ಟೇರಿಂಗ್ ಮಾತು ತಿಳಿಯೂದಿಲ್ಲ.
ತುಳಿ, ಬಿಡು. ತುಳಿ, ಬಿಡು.
ಅವನ ಬಲಗಾಲ ಚಪ್ಪಲಿ ಯಾವಾಗಲೂ ಮೊದಲ ಸವೀತಿತ್ತು.
ಸೆಕೆಂಡಿಗಿ ಎರಡು ಸಲ, ಮೈಯಾಗ ಹುರುಪಿದ್ದ ದಿನ ಮೂರು.
ಈ ಹಳದಿ ಗಾಡಿ ಅದನ್ನೇ ಹದಿನೈದು ಸಲ ಮಾಡ್ತದ,
ನಾಕೂ ಗಾಲಿಗಿ ಬ್ಯಾರೆ ಬ್ಯಾರೆ ಲೆಕ್ಕ ಇಟ್ಟು.
ನಿಮ್ಮ ಕಾಲಿಗಿ ಬಂದದ್ದು ಒದಿ ಅಲ್ರಿ ಡಾಕ್ಟರ್,
ಎಣ್ಣಿ ಹೋಗಿ ಎಣ್ಣಿ ತಿರುಗಿ ಬರೂ ಸಪ್ಪಳ.
ಅದು ಕೆಲಸದಾಗ ಇದ್ದಾಗ ನೀವು ಕೈಬಿಟ್ರಿ.

ಗೋಣಿ ಚೀಲ ಒಯ್ದು ರಸ್ತಿ ನಡುವ ಚೆಲ್ಲಿ ಬಂದೆ.
ಇದು ಎಮ್ಮಿ ಅಂತ ತಿಳೀರಿ.
ನೂರು. ತುಳೀರಿ.
ಎತ್ತಬ್ಯಾಡ್ರಿ, ಎತ್ತಬ್ಯಾಡ್ರಿ,
ನಡುಗಲಿ ಬಿಡ್ರಿ, ಈಗ ಎಡಕ್ಕ!

ಮೂಗು ಎಡಕ್ಕ ಹೊರಳಿತು. ಗೋಣಿ ಬಲಗಡಿ ಸರೀತು.
ನಿಂತ ಮ್ಯಾಲ ಇಬ್ಬರೂ ಮಾತಾಡಲಿಲ್ಲ, ಇಂಜಿನ್ ಒಂದೇ.
ಇಳಿದು ಹಿಂದಕ್ಕ ನಡದೆ.
ಡಾಂಬರಿನ ಮ್ಯಾಲ ಕರೀ ಗೆರಿ ಇಲ್ಲ,
ಬೆರಳಿಲೆ ಕಾಡಿಗಿ ಒರೆಸಿದಂಗ ತುಣುಕು ತುಣುಕು.
ಲಾಲಸಾಬ ಇದ್ದಿದ್ರ ಬೈತಿದ್ದ,
ಬ್ರೇಕ್ ಹಿಡಿದೇ ಇಲ್ಲ ಅಂತ.

ಫರ್ಸಿ ಪುಡಿ ಮ್ಯಾಲ ಮಾತ್ರ ಇದರ ಜಾಣತನ ನಡೆಯೂದಿಲ್ಲ.
ಬಿಗಿದ ಗಾಲಿ ಮುಂದ ಪುಡಿ ಗುಡ್ಡಿ ಹಾಕೊಂಡು ನಿಂತೀತು,
ಇದು ಹಿಡಿದು ಬಿಟ್ಟು, ಹಿಡಿದು ಬಿಟ್ಟು
ನಾಕು ಮಾರು ಮುಂದಕ್ಕೇ ಹೋಗ್ತದ.
ಅದನ್ನೂ ಹೇಳಿದೆ. ಹೇಳಬೇಕಲ್ಲ.

ತಿರುಗಿ ಬಂದು ಶೆಡ್ಡಿನ ಮುಂದ,
ಮಂದಿ ನಡಿಯೂ ವೇಗದಾಗ, ಹೂವಿನ ಮ್ಯಾಲ ಇಟ್ಟಂಗ ಕಾಲಿಟ್ರು.
ಟರ್ರ.

ಇದು ಸುಳ್ಳು, ಅಂದೆ.
ಅದು ಖರೆ, ಇದು ಸುಳ್ಳು.

ಜಾಕ್ ಏರಿಸಿ ಗಾಲಿ ಬಿಚ್ಚಿದೆ.
ಒಳಗ ಹಲ್ಲಿನ ಬಳಿ, ನಲವತ್ತೆಂಟು ಹಲ್ಲು.
ಎರಡು ಹಲ್ಲಿನ ಸಂದಿನಾಗ
ಬ್ರೇಕಿನ ಕಬ್ಬಿಣ ಪುಡಿ ಕಲಸಿದ ಎರಿ ಮಣ್ಣು ಒಣಗಿ ಗಟ್ಟಿಯಾಗ್ಯದ.
ಸೆನ್ಸರ್ ಎಣಿಸ್ತಾ ಎಣಿಸ್ತಾ ಅಲ್ಲಿಗಿ ಬಂದು ತಪ್ತದ,
ಗಾಲಿ ನಿಂತೇಹೋಯಿತು ಅಂತ ಗಾಬರಿ ಬಿದ್ದು
ಹಿಡಿದ ಬ್ರೇಕು ಬಿಟ್ಟುಕೊಡ್ತದ.

ಸ್ಕ್ರೂಡ್ರೈವರ್ ತಗೊಂಡೆ.
"ಬಾಜೂ ಸರೀರಿ," ಅಂದ್ರು ಡಾಕ್ಟರ್.
ಡಿಕ್ಕಿಯಾಗಿನ ಡಬ್ಬಿ ತೆಗೆದು
ತುದಿ ಬಾಗಿದ ಸಣ್ಣ ಸಲಾಕಿ ಆರಿಸಿಕೊಂಡು,
ವೇಲು ನಡಕ್ಕ ಬಿಗಿದು ಕುಕ್ಕರಗಾಲಿಲೆ ಕುಂತು
ಗಾಲಿಗಿ ಹೇಳಿದ್ರು:
"ಬಾಯಿ ದೊಡ್ಡದು ತೆಗಿ."